ಸ್ಯಾಕ್ಸನ್ ಅಲಗಿಗೆ ಜಯಕರ ಬರೆದ ಹಿಡಿ

ಜಯಕರನಷ್ಟು ಹೊಟ್ಟೆಕಿಚ್ಚಿನ ಮನುಷ್ಯನನ್ನು ನಾನು ಕಂಡಿಲ್ಲ. ಅವನ ಹೆಂಡತಿ ಸರೋಜಿನಿಯೂ ಇದನ್ನೇ ಹೇಳುತ್ತಾಳೆ, ಅದೂ ಅವನು ಎದುರಿಗೆ ಕೂತು ಕಾಫಿ ಕುಡಿಯುತ್ತಿರುವಾಗ. ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ನಮ್ಮ ಮನೆಗಳು ಅಕ್ಕಪಕ್ಕ. ಹಿಂದಿನ ಬೀದಿಯ ಗೋಪಿನಾಥನ ಕರಿಬೇವಿನ ಗಿಡ ಚಳಿಗಾಲ ದಾಟಿ ಚಿಗುರಿತೆಂಬ ಕಾರಣಕ್ಕೆ ಜಯಕರ ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಲಿಲ್ಲ. ಇವನ ಗಿಡ ಸತ್ತಿತ್ತು.

ಮಂಗಳೂರಿನ ಕಡೆಯವನು. ಸರ್ಕಾರಿ ಗುತ್ತಿಗೆ ಹಿಡಿಯುವ ಕಂಪನಿಯೊಂದರಲ್ಲಿ ಇಂಜಿನಿಯರ್. ಆಂಟೆನಾ ಕೂರಿಸುವ ಚೌಕಟ್ಟುಗಳ ನಕ್ಷೆ ಬರೆಯುತ್ತಲೇ ಅವನ ತಲೆ ನರೆತಿದೆ. ಬರೆದ ಯಾವುದರ ಮೇಲೂ ಅವನ ಹೆಸರಿಲ್ಲ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಹಿತ್ತಲಲ್ಲಿ ಗ್ಯಾಸಿನ ಕುಲುಮೆ ಹಾಕಿಕೊಂಡು ಕತ್ತಿ ಬಡಿಯುವುದನ್ನು ಕಲಿತ. ಚೆನ್ನಾಗಿಯೇ ಕಲಿತ. ಮೈಸೂರಿನ ಪ್ರಶಾಂತ್ ಎಂಬ ಸಾಫ್ಟ್‌ವೇರ್ ಹುಡುಗ ಶನಿವಾರ ಶನಿವಾರ ಬಂದು, ಸುತ್ತಿಗೆ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಇವನ ಕೈಕೆಳಗೆ ಕಲಿತ. ಆಮೇಲೆ ಪ್ರಶಾಂತ್ ಕೆಲಸ ಬದಲಿಸಿ, ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ರಾಲಿ ಎಂಬ ಊರಿಗೆ ಹೋದ. ಅಲ್ಲಿ ಅವನಿಗೆ ಹೆಸರು ಬಂತು. ಜನ ಕತ್ತಿ ಮಾಡಿಸಿಕೊಳ್ಳಲು ಸಾಲು ನಿಂತರು. ಅಲ್ಲಿಂದಾಚೆಗೆ ರಾಲಿಯ ಹೆಸರು ಕೇಳಿದರೂ ಜಯಕರನ ಮುಖ ಹುಳಿಯಾಗುತ್ತಿತ್ತು.

ಕಳೆದ ವರ್ಷ ರಾಲಿಯ ಒಂದು ಸಣ್ಣ ಖಾಸಗಿ ಮ್ಯೂಸಿಯಮ್ಮಿಗೆ ಯಾರೋ ಹಳೆಯ ಅಲಗೊಂದನ್ನು ದಾನ ಕೊಟ್ಟರು. ಸ್ಯಾಕ್ಸನ್ನರೆಂಬ ಜರ್ಮನ್ ಮೂಲದ ಜನ ಸಮುದ್ರ ದಾಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಮೊದಮೊದಲ ಕಾಲದ್ದು, ಒಂದೇ ಕಡೆ ಧಾರೆಯಿದ್ದ ಕತ್ತಿ. ಈಗ ಉಳಿದಿರುವುದು ತುಕ್ಕಿನ ಗಡ್ಡೆ. ತುದಿ ಮುರಿದಿದೆ, ಹಿಡಿ ಇಲ್ಲ. ಹಿಡಿಯೊಳಗೆ ಕೂರುವ ಕಬ್ಬಿಣದ ಬಾಲ ಮಾತ್ರ ಇದೆ. ಇದು ಹೊಸತರಲ್ಲಿ ಹೇಗಿತ್ತೋ ಹಾಗೆ ಇನ್ನೊಂದನ್ನು ಮಾಡಿಸಬೇಕು, ಮಕ್ಕಳು ಕೈಯಲ್ಲಿ ಹಿಡಿದು ನೋಡುವಂತಿರಬೇಕು ಎಂದು ಮ್ಯೂಸಿಯಮ್ಮಿನವರ ಆಸೆ. ಇಬ್ಬರಿಗೆ ಎಕ್ಸ್‌ರೇ, ಫೋಟೊಗಳನ್ನು ಕಳಿಸಿ ವಿನ್ಯಾಸ ಕೇಳಿದರು. ಒಬ್ಬ ಜಯಕರ, ಇನ್ನೊಬ್ಬ ಪ್ರಶಾಂತ್. ಆರಿಸಿದ ವಿನ್ಯಾಸದ ಕತ್ತಿ, ಪಕ್ಕದಲ್ಲಿ ವಿನ್ಯಾಸಕನ ಹೆಸರು, ಹಳೆಯ ಅಲಗನ್ನಿಟ್ಟ ಗಾಜಿನ ಪೆಟ್ಟಿಗೆಯ ಮುಂದೆ ಶಾಶ್ವತವಾಗಿ ಇರುತ್ತದೆ.

ಜಯಕರ ಊಟ ನಿದ್ರೆ ಬಿಟ್ಟ. ಅಷ್ಟರಲ್ಲಿ ಪ್ರಶಾಂತ್ ತನ್ನ ವಿನ್ಯಾಸದ ಚಿತ್ರವನ್ನು ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಹೊಗಳಿಕೆಯ ಮಳೆ. ಸರೋಜಿನಿಯೂ ಒಂದು ಕೆಂಪು ಹೃದಯ ಒತ್ತಿಬಿಟ್ಟಳು. ಆ ಹೃದಯದ ಮೇಲೆ ಗಂಡಹೆಂಡಿರಿಗೆ ಜಗಳವಾಗಿ, ಜಯಕರ ಹಾಲ್‌ನ ಸೋಫಾದಲ್ಲಿ ಮಲಗಿದ.

ಇಬ್ಬರೂ ವಿನ್ಯಾಸ ತೋರಿಸಬೇಕಾದ ದಿನ ನಾನೂ ಅವರ ಕಾರಿನಲ್ಲೇ ರಾಲಿಗೆ ಹೊರಟೆ. ನಾನು ಜೀವಮಾನವಿಡೀ ಲೋಹಶಾಸ್ತ್ರ ಕಲಿಸಿದವಳು, ಕುತೂಹಲವಿತ್ತು. ಸರೋಜಿನಿ ಡ್ರೈವ್ ಮಾಡುತ್ತಿದ್ದಳು. ರಿಚ್‌ಮಂಡ್ ದಾಟಿದ ಮೇಲೆ ಜಯಕರ ಒಂದು ಫೋಟೊವನ್ನು ನನ್ನ ಕೈಗಿತ್ತ.

"ಮೇಡಂ, ಬಾಲದ ತುದಿ ನೋಡಿ. ಎಂತ ಕಾಣ್ತದೆ?"

ಆ ಕತ್ತಿಗೆ ಕೊಂಬಿನ ಹಿಡಿ ಇತ್ತು. ಕೊಂಬು ಮಣ್ಣಿನಲ್ಲಿ ಕೊಳೆಯುತ್ತದೆ, ಆದರೆ ಅಷ್ಟರೊಳಗೆ ತುಕ್ಕು ಅದರೊಳಕ್ಕೆ ಇಳಿದು ಕೊಂಬಿನ ಗೆರೆಗಳನ್ನು ಅಚ್ಚಿನಂತೆ ಉಳಿಸುತ್ತದೆ. ಆ ಗೆರೆಗಳು ಬಾಲದ ಜೊತೆಗೆ ನಿಂತಿರಲಿಲ್ಲ. ಬಾಲ ಮುಗಿದ ಮೇಲೂ ಬೆರಳಗಲ ಮುಂದೆ ಹೋಗಿ, ಗಡ್ಡೆ ಒಡೆದ ಅಂಚಿನಲ್ಲಿ ತುಂಡಾಗಿದ್ದವು.

"ಹಿಡಿ ಬಾಲಕ್ಕಿಂತ ಉದ್ದವಿತ್ತು," ಎಂದೆ.

"ಅದೇ. ನಮ್ಮೂರ ಕತ್ತಿಗೆ ಬಾಲವನ್ನು ಹಿಡಿಯ ಆಚೆ ದಾಟಿಸಿ ಬಡಿದು ಮಡಚ್ತಾರೆ ಅಲ್ವಾ, ಬಾಲ ಎಲ್ಲಿ ಮುಗೀತೋ ಹಿಡಿ ಅಲ್ಲೇ ಮುಗೀತು. ನಾನೂ ಮೊದಲು ಹಾಗೇ ಬರ್ದೆ. ಮೊನ್ನೆ ಗೊತ್ತಾದ ಮೇಲೆ ಎಲ್ಲ ಅಳಿಸಿ ಮತ್ತೆ ಬರ್ದೆ."

"ಪ್ರಶಾಂತನದ್ದು?"

ಜಯಕರ ನಕ್ಕ. ನೋಡಲು ಹಿತವಾದ ನಗುವಲ್ಲ. "ಗಿಡ್ಡ. ತರಕಾರಿ ಹೆಚ್ಚುವ ಚೂರಿಯ ಹಾಗೆ ಉಂಟು. ನಾನು ಕಲಿಸಿದ್ದೇ ಹಾಗಲ್ವಾ."

"ಫೋನ್ ಮಾಡಿ ಹೇಳಿ ಮಾರಾಯ್ರೆ," ಎಂದಳು ಸರೋಜಿನಿ.

"ಯಾಕೆ? ಫೋಟೊ ಅವನಿಗೂ ಕಳಿಸಿದ್ದಾರೆ. ಅವನಿಗೆ ಕಣ್ಣಿಲ್ವಾ? ನೀನು ಬೇಕಾದ್ರೆ ಇನ್ನೊಂದು ಹಾರ್ಟ್ ಕಳಿಸು."

ಅಲ್ಲಿಂದ ರಾಲಿಯವರೆಗೆ ಅವನಷ್ಟು ಖುಷಿಯಾಗಿ ಇನ್ನಾರೂ ಪ್ರಯಾಣ ಮಾಡಿರಲಾರರು. ಹಾಡನ್ನೂ ಗುನುಗಿದ.

ಮ್ಯೂಸಿಯಮ್ಮಿನ ಬಾಗಿಲಲ್ಲೇ ಪ್ರಶಾಂತ್ ಎದುರಾದ. "ಬನ್ನಿ ಅಂಕಲ್, ಟ್ರಾಫಿಕ್ ಇತ್ತಾ?" ಎಂದು ಕೇಳಿ, ಜಯಕರನ ಚೀಲ ಕಿತ್ತುಕೊಂಡು ಒಳಗೆ ಕರೆದೊಯ್ದ. ಆಯ್ಕೆ ಮಾಡುವ ಮೂವರಿಗೂ, ನನಗೆ ಇದನ್ನೆಲ್ಲ ಕಲಿಸಿದವರು ಇವರೇ ಎಂದು ಇಂಗ್ಲಿಷಿನಲ್ಲಿ ಪರಿಚಯ ಮಾಡಿಸಿದ. ಮೂವರೂ ಎದ್ದು ಕೈ ಕುಲುಕಿದರು. ಜಯಕರನಿಗೆ ಅದೂ ಸೇರಲಿಲ್ಲ. "ಅಂಕಲ್ ಅಂತೆ. ದೊಡ್ಡ ಮನಸ್ಸು ತೋರಿಸ್ಲಿಕ್ಕೆ ಹೊರಟಿದ್ದಾನೆ," ಎಂದು ನನ್ನ ಪಕ್ಕ ಕೂತು ಗೊಣಗಿದ. ಪ್ರಶಾಂತನ ಹೊಸ ಬ್ಲೇಜರ್ ನೋಡಿದ, ಹೊಸ ಲ್ಯಾಪ್‌ಟಾಪ್ ನೋಡಿದ, ಬಂದವರೆಲ್ಲ ಅವನನ್ನು ಹೆಸರು ಹಿಡಿದು ಮಾತಾಡಿಸುವುದನ್ನು ನೋಡಿದ. ಒಂದನ್ನೂ ಬಿಡಲಿಲ್ಲ.

ಮೊದಲ ಸರದಿ ಪ್ರಶಾಂತನದು. ಪ್ರೊಜೆಕ್ಟರಿನ ಕೇಬಲ್ ಅವನ ಲ್ಯಾಪ್‌ಟಾಪಿಗೆ ಹೊಂದಲಿಲ್ಲ. ಬೇರೆಯದನ್ನು ತರಲು ಯಾರೋ ಓಡಿದರು. ಕಾಯುತ್ತಿದ್ದ ಪ್ರಶಾಂತನ ಲ್ಯಾಪ್‌ಟಾಪಿನ ಪರದೆಯ ಮೇಲೆ ಅವನ ಕತ್ತಿ ಕಾಣುತ್ತಿತ್ತು. ಅಲಗು ಸೊಗಸಾಗಿತ್ತು, ನಿಜ ಹೇಳಬೇಕೆಂದರೆ ಜಯಕರನದಕ್ಕಿಂತ ಸೊಗಸು. ಹಿಡಿ ಬಾಲದಷ್ಟೇ ಇತ್ತು.

ಜಯಕರ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೂತಲ್ಲಿಂದಲೇ, ಸಿಡುಕಿನ ದನಿಯಲ್ಲಿ, ನಮ್ಮ ನಾಲ್ವರನ್ನು ಬಿಟ್ಟು ಅಲ್ಲಿದ್ದ ಬೇರೆ ಯಾರಿಗೂ ತಿಳಿಯದ ಕನ್ನಡದಲ್ಲಿ ಹೇಳಿದ:

"ಪ್ರಶಾಂತ, ಬಾಲದ ಫೋಟೊ ಉಂಟಲ್ಲ, ಅದನ್ನು ದೊಡ್ಡದು ಮಾಡು. ಕೊಂಬಿನ ಗೆರೆ ಎಲ್ಲಿಗೆ ನಿಂತಿದೆ ನೋಡು."

ಪ್ರಶಾಂತ್ ನೋಡಿದ. ಅವನ ಕಿವಿ ಕೆಂಪಾಯಿತು. "ಅಯ್ಯೋ. ಈಗೇನ್ ಮಾಡ್ಲಿ ಅಂಕಲ್? ಇನ್ನೇನ್ ಕೇಬಲ್ ತಂದ್ಬಿಡ್ತಾರೆ."

"ಎಂತ ಮಾಡುದು, ಇತ್ಲಾಗೆ ಕೊಡು."

ಜಯಕರ ಎದ್ದು ಹೋಗಿ, ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಕನ್ನಡಕ ಹಣೆಗೇರಿಸಿ ಹಿಡಿಯನ್ನು ಉದ್ದ ಎಳೆಯತೊಡಗಿದ. ಕೊಂಬಿನ ಗುರುತು ಸಿಕ್ಕಿದಲ್ಲಿಯವರೆಗೆ ಗಟ್ಟಿ ಗೆರೆ. ಅದರಾಚೆಗೆ, ಊಹೆಯ ಭಾಗಕ್ಕೆ, ಚುಕ್ಕಿ ಗೆರೆ.