ದಡದಲ್ಲೇ ಉಳಿದ ಕ್ಯಾಪ್ಟನ್

ಎಲ್ಕಾನಾ ಪೆಟಿಬೋನನನ್ನು ಕ್ಯಾಪ್ಟನ್ ಮಾಡಿದ್ದು ರಾಜ್ಯದ ಗವರ್ನರೂ ಅಲ್ಲ, ದೇಶದ ಅಧ್ಯಕ್ಷರೂ ಅಲ್ಲ. ಊರಿನವರು ಮತ್ತು ಒಂದು ಪೀಪಾಯಿ ರಮ್ಮು. ನಯಾಗರ ನದಿಯ ಈಚೆ ದಡದ ಊರುಗಳಲ್ಲಿ ಆಗ ಪದ್ಧತಿಯೇ ಹಾಗಿತ್ತು. ಗಂಡಸರೆಲ್ಲ ರಾಜ್ಯದ ಮಿಲಿಷಿಯಾದವರು, ಅಂದರೆ ಕರೆ ಬಂದಾಗ ಬಂದೂಕು ಹಿಡಿಯುವ ನಾಗರಿಕ ಪಡೆಯವರು. ಕವಾಯತಿನ ದಿನ ಹುಲ್ಲುಗಾವಲಲ್ಲಿ ಸೇರಿ ತಮ್ಮ ನಾಯಕನನ್ನು ತಾವೇ ಆರಿಸುತ್ತಿದ್ದರು, ಆರಿಸಿ ಬಂದವನು ಎಲ್ಲರಿಗೂ ಕುಡಿಸಬೇಕು. ಎಲ್ಕಾನಾನ ಕಸುಬೇ ಪೀಪಾಯಿ ಮಾಡುವುದು.

ಆದರೆ ೧೮೧೨ರ ಬೇಸಿಗೆಯಲ್ಲಿ ರಮ್ಮೊಂದೇ ಸಾಲಲಿಲ್ಲ. ಇಂಗ್ಲಿಷರ ಮೇಲೆ ಯುದ್ಧ ಸಾರಿಯಾಗಿತ್ತು. ಅವರ ದಂಡು ಆಚೆ ದಡದ ಕೆನಡಾದಲ್ಲೇ ಇತ್ತು.

"ನಮ್ಮನ್ನ ಹೊಳೆ ದಾಟಿಸ್ತಾರಂತಲ್ಲಪ್ಪಾ ಎಲ್ಕಾನಾ?" ಎಂದ ಗಿರಣಿಯ ಸೈಲಸ್.

"ಯಾರು ದಾಟಿಸ್ತಾರೆ? ನಮ್ಮ ಪಡೆಗೆ ಒಡೆಯ ಗವರ್ನರು. ಶತ್ರು ಮೇಲೆ ಬಿದ್ರೆ ಅಧ್ಯಕ್ಷರು ಕರೀಬಹುದು, ಆಗ ಅವರ ಮಾತು ಕೇಳ್ಬೇಕು. ಆದ್ರೆ ಅದು ನಮ್ಮ ಮನೆ ಕಾಯೋಕೆ. ಇನ್ನೊಬ್ರ ದೇಶಕ್ಕೆ ನುಗ್ಗಿಸೋ ಹಕ್ಕು ಇಬ್ರಿಗೂ ಇಲ್ಲ. ನಾನು ಕ್ಯಾಪ್ಟನ್ ಆದ್ರೆ ನಿಮ್ಮಲ್ಲಿ ಒಬ್ಬನನ್ನೂ ದೋಣಿ ಹತ್ತಿಸಲ್ಲ."

ಅಲ್ಲಿಗೆ ಚುನಾವಣೆ ಮುಗಿಯಿತು. ನಕ್ಕವನು ಲೆವಿ ಒಬ್ಬನೇ. ಅವನು ಎಲ್ಕಾನಾನ ಹೆಂಡತಿ ಮರ್ಸಿಯ ತಮ್ಮ, ಚಿಕ್ಕಂದಿನಿಂದ ಅಕ್ಕಭಾವನ ಮನೆಯಲ್ಲೇ ಬೆಳೆದವನು. "ಏನು ಭಾವ, ಯುದ್ಧ ಶುರುವಾಗೋ ಮೊದ್ಲೇ ದಡದಲ್ಲೇ ನಿಂತ್ಕೊಂಡುಬಿಟ್ರಿ" ಎಂದ.

ಅಕ್ಟೋಬರದಲ್ಲಿ ಒಂದು ಮುಂಜಾನೆ ಸೇನೆ ಹೊಳೆ ದಾಟಿ ದಾಳಿಗೆ ಹೊರಟಾಗ ಲೆವಿ ತಾನಾಗಿಯೇ ಮೊದಲ ದೋಣಿಗಳಲ್ಲಿ ಹೋದ. ಅವನ ಜೊತೆಯವರು ಆಚೆಯ ಗುಡ್ಡ ಹತ್ತಿ ಹಿಡಿದದ್ದು ಈಚೆಗೆ ಚೆನ್ನಾಗಿಯೇ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ದೂರದ ರಸ್ತೆಯಲ್ಲಿ ಇಂಗ್ಲಿಷರ ಹೊಸ ದಂಡು ಬರುವುದೂ ಕಂಡಿತು. ಗುಡ್ಡ ಹಿಡಿದಿದ್ದವರು ಕೆಲವೇ ನೂರು ಮಂದಿ. ದೋಣಿಗಳು ಈಚೆ ದಡದಲ್ಲಿ ಖಾಲಿ ನಿಂತಿದ್ದವು. ದೊಡ್ಡ ಸೇನಾಧಿಕಾರಿಯೊಬ್ಬರು ಬಂದು ದೋಣಿ ಹತ್ತಿ ಎಂದು ಗದರಿದರು, ಬೇಡಿಕೊಂಡರು. ಪಡೆ ಜಗ್ಗಲಿಲ್ಲ.

ಎಲ್ಕಾನಾ ತನ್ನವರ ಕಡೆ ತಿರುಗಿದ. "ಯಾರಾದ್ರೂ ಬರ್ತೀರೇನ್ರಪ್ಪಾ? ನಮ್ಮ ಲೆವಿ ಅಲ್ಲಿದಾನೆ."

"ಕ್ಯಾಪ್ಟನ್ ಸಾಹೇಬ್ರೇ, ಕಾನೂನು ಹೇಳಿಕೊಟ್ಟಿದ್ದು ತಾವೇ ಅಲ್ವಾ?" ಎಂದ ಸೈಲಸ್. "ಕುಡಿದ ರಮ್ಮು ಇಳಿದುಹೋಯ್ತು, ಆಡಿದ ಮಾತೂ ಇಳಿದುಹೋಯ್ತೇನು?" ಹಿಂದೆ ನಿಂತವರು ಕಿಸಕ್ಕೆಂದರು.

ಎಲ್ಕಾನಾ ನೀರಿಗಿಳಿದು ಒಂದು ದೋಣಿಯ ಅಂಚು ಹಿಡಿದ. ಪಡೆಯನ್ನು ಬಿಟ್ಟು ಕ್ಯಾಪ್ಟನ್ ಒಬ್ಬನೇ ಹೋಗುವುದುಂಟೇ ಎಂದು ಯೋಚಿಸಿದ. ಒಳ್ಳೆಯ ಕಾರಣವೇ. ಹೆದರಿದವನಿಗೆ ಒಳ್ಳೆಯ ಕಾರಣಗಳು ಬೇಗ ಸಿಗುತ್ತವೆ. ಆಚೆಯ ಗುಂಡಿನ ಸದ್ದು ಜೋರಾಗಿ, ಆಮೇಲೆ ಪೂರ್ತಿ ನಿಲ್ಲುವವರೆಗೂ ಮೊಣಕಾಲುದ್ದ ನೀರಿನಲ್ಲಿ ಹಾಗೇ ನಿಂತಿದ್ದ.

ಸೆರೆಸಿಕ್ಕ ಲೆವಿಯನ್ನು ಇಂಗ್ಲಿಷರು ಹಿಮ ಬೀಳುವ ಮೊದಲೇ ಬಿಟ್ಟು ಕಳಿಸಿದರು. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಮರ್ಸಿ ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಅದೇ ಮೇಲಾಗುತ್ತಿತ್ತು.

ಒಂದು ದಿನ ಪೀಪಾಯಿಯ ಹಲಗೆಗಳನ್ನು ಬಿಗಿಯುವ ಬಳೆ ಹಾಕುತ್ತಾ ಎಲ್ಕಾನಾನೇ ಬಾಯಿ ಬಿಟ್ಟ. "ಕಾನೂನು ಹಾಗಿತ್ತು ಕಣೋ ಲೆವಿ. ಹೊಳೆ ದಾಟಿ ಅಂತ ಪಡೆಯವರಿಗೆ ಅಪ್ಪಣೆ ಕೊಡೋ ಅಧಿಕಾರ ನನಗಿರ್ಲಿಲ್ಲ."

"ಗೊತ್ತು ಭಾವ. ಅವರು ಬರಲ್ಲ ಅಂತ ನನಗೂ ಗೊತ್ತಿತ್ತು. ನಾನು ನಿಮ್ಮ ದಾರಿ ಕಾಯ್ತಿದ್ದೆ." ಲೆವಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮಗೆ ಯಾರ ಅಪ್ಪಣೆ ಬೇಕಿತ್ತು?"

ಮುಂದಿನ ಕವಾಯತಿಗೆ ಊರಿನವರು, ಮಾತಿಗೆ ತಪ್ಪದ ಮನುಷ್ಯ ಎಂದು ಅವನನ್ನೇ ಮತ್ತೆ ಆರಿಸಹೊರಟರು. ಮಂಡಿನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡ. ಆದರೂ ಸಾಯುವವರೆಗೆ ಎಲ್ಲರ ಬಾಯಲ್ಲೂ ಅವನು ಕ್ಯಾಪ್ಟನ್ನೇ. ಊಟಕ್ಕೆ ಕೂತಾಗ ಲೆವಿಯ ತಟ್ಟೆಯ ಮಾಂಸವನ್ನು ತಾನೇ ಕತ್ತರಿಸಿ ಕೊಡುತ್ತಿದ್ದ. ಲೆವಿ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರೆ ಹೆದರಿದ್ದೆ ಎಂದು ಹೇಳಿಬಿಡಬೇಕೆಂದು ಪ್ರತಿ ಊಟದಲ್ಲೂ ಕಾಯುತ್ತಿದ್ದ. ಲೆವಿ ಕೇಳಲೇ ಇಲ್ಲ.