ವಾಡಿ ಸ್ಟೇಷನ್ನಿನಲ್ಲಿ ಬೆಳ್ಳುಳ್ಳಿ ವಾಸನೆ

ಅದು ತೊಂಬತ್ತೈದನೇ ಇಸವಿಯ ಎಳ್ಳ ಅಮಾವಾಸ್ಯೆ. ನಾನಾಗ ಶಹಾಬಾದಿನ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮದು ಕಾಗಿಣಾ ದಂಡೆಯ ಸಣ್ಣ ಹಳ್ಳಿ, ಅಪ್ಪ ಅಲ್ಲಿಯ ಹನುಮಂತ ದೇವರ ಗುಡಿಯ ಅರ್ಚಕರು.

ಬೆಳಿಗ್ಗೆ ಪಕ್ಕದ ಮನೆಯ ಫೋನಿಗೆ ಸೊಲ್ಲಾಪುರದಿಂದ ಭಾವ ಮಾತಾಡಿದರು. ನನ್ನ ಅಕ್ಕ ಸುಧಾ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ತಿಂದದ್ದೆಲ್ಲ ವಾಂತಿಯಾಗಿ ಅಕ್ಕ ಹಾಸಿಗೆ ಹಿಡಿದಿದ್ದಳು. ಅಂದೇ ಅವಳನ್ನು ರೈಲಿನಲ್ಲಿ ಹೈದರಾಬಾದಿನ ದವಾಖಾನೆಗೆ ಕರೆದುಕೊಂಡು ಹೊರಟಿದ್ದರು. "ಎಳ್ಳಮಾಸಿ ಭಜ್ಜಿ ಬೇಕು ಅಂತ ಒಂದೇ ಹಟ ಹಿಡದಾಳ. ಬ್ಯಾರೆ ಏನೂ ಬಾಯಾಗ ಹಾಕ್ಕೊಳ್ಳವಲ್ಲಳು. ಮಧ್ಯಾಹ್ನ ವಾಡಿಯೊಳಗ ಗಾಡಿ ಭಾಳ ಹೊತ್ತು ನಿಲ್ತದ. ಯಾರರೆ ತಂದು ಕೊಡ್ರಿ" ಎಂದರು.

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹೊಲದ ಹಸಿ ಕಡಲೆ, ತೊಗರಿ, ಅವರೆ, ಗಜ್ಜರಿ, ಬದನೆಕಾಯಿ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟಿನಲ್ಲಿ ಕುದಿಸಿದ ಪಲ್ಯ, ಸಜ್ಜೆ ರೊಟ್ಟಿಯ ಜೊತೆಗೆ ತಿನ್ನುವಂಥದ್ದು. ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ, ಭೂಮಿತಾಯಿಗೆಂದು ಮೊದಲ ಪಾಲನ್ನು ಬೆಳೆಗೆ ಚೆಲ್ಲಿ, ಆಮೇಲೆ ಉಣ್ಣುತ್ತದೆ. ಹಾದಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣಿಸುತ್ತದೆ.

ಅವ್ವ ಆಗಲೇ ಭಜ್ಜಿ ಮಾಡಿಟ್ಟಿದ್ದಳು. ಒಯ್ಯುವುದು ಹೇಗೆ? ಬಸ್ಸಿಗೆ ಕಾದರೆ ರೈಲು ಸಿಗುತ್ತಿರಲಿಲ್ಲ, ಅಪ್ಪ ಪೂಜೆ ಬಿಟ್ಟು ಬರುವಂತಿರಲಿಲ್ಲ. ಉಳಿದದ್ದು ದೊಡ್ಡಪ್ಪನ ಮಗ ರಜೆಗೆ ಬಂದಾಗ ಬಿಟ್ಟುಹೋಗಿದ್ದ ಗೇರ್ ಸೈಕಲ್ಲು. ದಪ್ಪ ಟಯರು, ಗುಡ್ಡ ಹತ್ತುವ ಸೈಕಲ್ಲಂತೆ. ಗುಡ್ಡವೇ ಇಲ್ಲದ ಊರಲ್ಲಿ ಅದನ್ನು ನೋಡಿ ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಅದನ್ನು ಹತ್ತಿ ಊರಾಚೆಯ ಹಳೇ ರೈಲು ದಾರಿಯಲ್ಲಿ ಸುತ್ತುತ್ತಿದ್ದೆ. ಯಾವುದೋ ಕಾಲದಲ್ಲಿ ಕಲ್ಲುಗಣಿಗೆಂದು ಹಾಕಿದ ದಾರಿ ಅದು. ಹಳಿ ಕಿತ್ತೊಯ್ದಿದ್ದರು. ಜಲ್ಲಿಯ ಏರಿ, ಹೊಳೆಯ ನಡುವೆ ಸೇತುವೆಯ ಬೋಳು ಕಂಬ ಇಷ್ಟೇ ಉಳಿದಿದ್ದವು. ಹೊಳೆ ದಾಟಿದರೆ ಆ ಏರಿ ನೇರ ವಾಡಿಗೆ ಹೋಗುತ್ತಿತ್ತು.

"ಹಾದಿಯೊಳಗ ಯಾರು ಕರೆದರೂ ಇಳೀಬ್ಯಾಡ. ಇವತ್ತು ಒಬ್ಬರ ಹೊಲದಾಗ ಕುಂತಿ ಅಂದ್ರ ಸಂಜಿ ತನಕಾ ಬಿಡಂಗಿಲ್ಲ" ಎಂದು ಅವ್ವ ತಾಕೀತು ಮಾಡಿದಳು. ಆ ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ. ಡಬ್ಬಿಯ ಚೀಲವನ್ನು ಹ್ಯಾಂಡಲಿಗೆ ನೇತುಹಾಕಿ ಹೊರಟೆ.

ಅವ್ವ ಹೇಳಿದಂತೆಯೇ ಆಯಿತು. ಎರಡೂ ಬದಿಯ ಹೊಲಗಳಿಂದ "ಉಂಡು ಹೋಗ ಬಾರವ್ವ" ಎಂಬ ಕೂಗು. ನಾನು ಗಂಟೆ ಬಾರಿಸುತ್ತ, ಕೈ ಬೀಸುತ್ತ ಮುಂದೆ ಹೋದೆ. ಹೊಳೆಯಲ್ಲಿ ಮೊಳಕಾಲುದ್ದ ನೀರು. ಸೈಕಲ್ಲು ಹೆಗಲ ಮೇಲೆ, ಚೀಲದ ಹಿಡಿಕೆ ಹಲ್ಲಿನಲ್ಲಿ. ಅರ್ಚಕರ ಮಗಳ ಆ ಅವತಾರವನ್ನು ಅಪ್ಪ ನೋಡಲಿಲ್ಲವಲ್ಲ, ಅದೇ ಪುಣ್ಯ.

ಆಚೆ ದಂಡೆಯ ಏರಿ ಹತ್ತುವಾಗ ಗೇರು ಬದಲಿಸಿದೆ. ಗಾಳಿಗೆ ಹಾರಿದ ಓಢಣಿ ಚೈನಿಗೆ ಸಿಕ್ಕು, ಸೈಕಲ್ಲು ಸಮೇತ ಜಲ್ಲಿಯ ಮೇಲೆ ಬಿದ್ದೆ. ಎದ್ದು ನೋಡಿದರೆ ಡಬ್ಬಿಯ ಮುಚ್ಚಳ ಹಾರಿಹೋಗಿ ಭಜ್ಜಿಯೆಲ್ಲ ಕಲ್ಲಿನ ಪಾಲಾಗಿತ್ತು. ಮೊಣಕೈ ಸುಲಿದು ರಕ್ತ ಬರುತ್ತಿತ್ತು, ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಅಕ್ಕ ಇನ್ನು ಏನು ತಿಂದಾಳು ಎಂದು ಅಲ್ಲೇ ಕುಳಿತು ಅತ್ತೆ.

ಪಕ್ಕದ ಹೊಲದಿಂದ ಗಂಡ ಹೆಂಡತಿ ಓಡಿ ಬಂದರು. ಗಂಡ ಚೈನಿನಿಂದ ಓಢಣಿ ಬಿಡಿಸತೊಡಗಿದರು. ಹೆಂಡತಿ ಶಾಂತಾಬಾಯಿ ನನ್ನ ಗೋಳೆಲ್ಲ ಕೇಳಿ, "ಅಳಬ್ಯಾಡ, ಏಳು. ಭಜ್ಜಿ ನಮ್ಮಲ್ಲೂ ಅದ" ಎಂದು ಹೊಲದ ಕಡೆ ಹೊರಟವರು ಏನೋ ನೆನಪಾಗಿ ನಿಂತರು.

"ನೀವು ಗುಡಿ ಪೂಜಾರಿ ಮನಿಯವರಂತಿ. ನಾವು ಬೌದ್ಧರವ್ವ. ಬೆಳ್ಳೊಳ್ಳಿನೂ ಹಾಕೀವಿ. ನಿಮಗ ನಡೀತದೇನು?"

"ನನಗ ನಡೀತದ. ಅಕ್ಕಗೂ ನಡೀತದ. ಆಕಿ ಜೋಡಿ ಅತ್ತ್ಯಾರು ಇರ್ತಾರ, ಭಾಳ ಮಡಿ" ಎಂದೆ.

"ಅತ್ತ್ಯಾರದು ಅತ್ತ್ಯಾರಿಗೆ ಬಿಡು. ಬಸುರಿ ಬಯಕಿ ಅದ, ಒಯ್ದು ಕೊಡು" ಎಂದು ತಮ್ಮದೇ ಡಬ್ಬಿಯ ತುಂಬ ಭಜ್ಜಿ, ಮೇಲೆ ರೊಟ್ಟಿ ಇಟ್ಟು ಕಟ್ಟಿದರು. ನನ್ನ ಬಾಯಿಗೂ ಒಂದು ತುತ್ತು ತುರುಕಿದ ಮೇಲೆಯೇ ಬಿಟ್ಟರು.

ವಾಡಿ ಮುಟ್ಟಿದಾಗ ರೈಲು ನಿಂತಿತ್ತು. ಅಕ್ಕ ಗುರುತು ಸಿಗದಷ್ಟು ಸೊರಗಿದ್ದಳು. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಏನೂ ಹೇಳದೆ ಡಬ್ಬಿಯನ್ನು ಅವಳ ಕೈಗಿಟ್ಟೆ. ಮುಚ್ಚಳ ತೆಗೆದದ್ದೇ ತಡ, ಬೆಳ್ಳುಳ್ಳಿಯ ಘಾಟು ಬೋಗಿಯ ತುಂಬ ಹರಡಿತು. ಎದುರಿಗೆ ಕುಳಿತಿದ್ದ ಅಕ್ಕನ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಪ್ರಯಾಣದಲ್ಲಿ ನೀರು ಕೂಡ ಮನೆಯದನ್ನೇ ಕುಡಿಯುವ ಹೆಂಗಸು ಅವರು.

"ಇದು ನಿಮ್ಮವ್ವ ಮಾಡಿದ್ದಲ್ಲ" ಎಂದರು.

ಮುಚ್ಚಿಡುವಂತೆಯೇ ಇರಲಿಲ್ಲ. ಬಿದ್ದದ್ದು, ಅತ್ತದ್ದು, ಯಾರ ಹೊಲ, ಯಾರ ಮನೆಯ ಅಡುಗೆ, ಎಲ್ಲ ಹೇಳಿಬಿಟ್ಟೆ. ಅಕ್ಕನ ಕೈಯಲ್ಲಿ ತುತ್ತು ಹಾಗೇ ನಿಂತಿತು. ಭಾವ ಕಿಟಕಿಯಾಚೆ ನೋಡತೊಡಗಿದರು. ಇನ್ನು ಡಬ್ಬಿ ಪ್ಲಾಟ್‌ಫಾರ್ಮಿಗೆ ಬೀಳುವುದೇ ಸೈ ಎಂದುಕೊಂಡೆ.

"ಯಾಕ ನಿಂತಿ? ಉಣ್ಣು" ಎಂದರು ಅತ್ತೆ. "ಹಬ್ಬದ ದಿನ ತಮ್ಮ ಪಾಲಿಂದು ತಗದು ಕೊಟ್ಟಾರ. ವಾಸನಿ ನನಗ ಬರಲಿಕತ್ತದ, ನಿನಗಲ್ಲ."

ಅಕ್ಕ ಉಂಡಳು. ಡಬ್ಬಿ ವಾಲಬಾರದೆಂದು ಅತ್ತೆ ಒಂದು ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದಿದ್ದರು. ಇನ್ನೊಂದು ಕೈ ಮೂಗಿನ ಮೇಲೆಯೇ ಇತ್ತು. ಆಮೇಲೆ ನಾವೆಲ್ಲ ಅಕ್ಕನ ಮುಖವನ್ನೇ ನೋಡುತ್ತ ಕುಳಿತೆವು. ವಾಂತಿ ಬರಲಿಲ್ಲ. "ನಿಂತದ" ಎಂದು ಅತ್ತೆ ಮೆಲ್ಲಗೆ ಅಂದರು. ಅಕ್ಕ ನನ್ನನ್ನು ನೋಡಿ ನಕ್ಕಳು.

ಗಾಡಿ ಬಿಡುವ ಮೊದಲು ಅತ್ತೆ ಡಬ್ಬಿ ತೊಳೆಸಿ, ತಮ್ಮ ಮಡಿ ಗಂಟು ಬಿಚ್ಚಿ ಅದರ ತುಂಬ ಬೇಸನ್ ಉಂಡಿ ಹಾಕಿದರು. "ಖಾಲಿ ಡಬ್ಬಿ ಕಳಿಸಬಾರದು. ಆಕಿಗೆ ನಾ ಕೊಟ್ಟೆ ಅಂತ ಹೇಳು."

ವಾಪಸು ಬರುವಾಗ ಶಾಂತಾಬಾಯಿ ಏರಿಯ ಮೇಲೆಯೇ ಕಾಯುತ್ತ ನಿಂತಿದ್ದರು. ಡಬ್ಬಿಯತ್ತ ನೋಡದೆ, "ಉಂಡಳೇನು? ಹೊಟ್ಟ್ಯಾಗ ನಿಂತಿತೇನು?" ಎಂದು ಕೇಳಿದರು. ಹೂಂ ಎಂದೆ. ಅವರು ನನ್ನ ತಲೆ ಸವರಿದರು.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಅತ್ತೆಯವರು ಬದಲಾದರೆಂದರೆ ಸುಳ್ಳಾದೀತು. ಅವರ ಅಡುಗೆಮನೆಗೆ ಬೆಳ್ಳುಳ್ಳಿ ಕೊನೆಯವರೆಗೂ ಬರಲಿಲ್ಲ. ಆದರೆ ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಮೊದಲು ಸೊಲ್ಲಾಪುರದಿಂದ ಹೇಗಾದರೂ ಒಂದು ಡಬ್ಬಿ ಉಂಡಿ ಬರುತ್ತಿತ್ತು. ನಾನು ಅದನ್ನು ಶಾಂತಾಬಾಯಿಯ ಹೊಲಕ್ಕೆ ಮುಟ್ಟಿಸಿ, ಉಂಡು ಬರುತ್ತಿದ್ದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.

ಎರಡು ಸಾವಿರದ ಎಂಟರಲ್ಲಿ ಅತ್ತೆಯವರು ತೀರಿಕೊಂಡರು. ಆ ವರ್ಷ ಬರಿಗೈಯಲ್ಲಿ ಹೊಲಕ್ಕೆ ಹೋಗಿ ಸುದ್ದಿ ಹೇಳಿ ಬಂದೆ. ಮರುವಾರ ಎಳ್ಳ ಅಮಾವಾಸ್ಯೆ. ಹೊಲದಲ್ಲಿ ಊಟಕ್ಕೆ ಕುಳಿತಾಗ ಶಾಂತಾಬಾಯಿ ಒಂದು ಸಣ್ಣ ಪಾತ್ರೆಯನ್ನು ಬೇರೆ ಇಟ್ಟದ್ದು ಕಂಡು ಏನೆಂದು ಕೇಳಿದೆ.

"ಇದು ಅತ್ತ್ಯಾರ ಹೆಸರಿಂದು, ಹೊಲಕ್ಕ ಚೆಲ್ಲಿ ಬರ್ತೀನಿ" ಎಂದರು. "ಬೆಳ್ಳೊಳ್ಳಿ ಹಾಕಿಲ್ಲ."

ನಾನೂ ಎದ್ದು ಅವರ ಹಿಂದೆ ಬೆಳೆಯೊಳಗೆ ಹೋದೆ. ಈಗ ಇದನ್ನು ಬರೆಯುವಾಗ ಕಣ್ಣು ಒದ್ದೆಯಾಗುತ್ತಿದೆ.