ಬರಿಗಾಲಕ್ಕ ಗುಡ್ಡ ಇಳಿದದ್ದು

ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಹಗಲೆಲ್ಲ ಮೊಣಕಾಲೂರಿ ಕೂತು ಕಂಡವರ ಕಾಲಿಗೆ ಬೂಟು ತೊಡಿಸುವ ಹೆಂಗಸು ಬೆಳಗಿನ ಓಟಕ್ಕೆ ಮಾತ್ರ ಬರಿಗಾಲಲ್ಲಿ ಹೊರಡುತ್ತಾಳೆಂದರೆ ಊರು ಸುಮ್ಮನಿರುತ್ತದೆಯೇ? ಬರಿಗಾಲಕ್ಕ ಎಂದು ಹೆಸರಿಟ್ಟಿತು. ಅಂಗಡಿಯ ಯಜಮಾನರಂತೂ, "ನಿನ್ನ ನೋಡಿ ನಾಲ್ಕು ಜನ ಕಲಿತರೆ ನಾನು ಅಂಗಡಿಗೆ ಬೀಗ ಹಾಕ್ಬೇಕಾಗುತ್ತೆ, ತಾಯಿ" ಎಂದು ಕೈಮುಗಿದಿದ್ದರು. ಅವಳು ಯಾವುದನ್ನೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಅವಳ ತಲೆನೋವು ಬೇರೆ. ವರ್ಷಕ್ಕೊಮ್ಮೆ ನಡೆಯುವ ಗುಡ್ಡದ ಓಟದಲ್ಲಿ, ಹೋದ ಸಲ, ನೀರಿನ ಟ್ಯಾಂಕಿನ ತಿರುವಿನಲ್ಲಿ ಇಳಿಯುತ್ತ ಬಿದ್ದು ಮುಂಗೈ ಮುರಿದುಕೊಂಡಿದ್ದಳು. ಅಂಗಾಲಿನ ಚರ್ಮ ಕಿತ್ತು ಬಂದಿತ್ತು. "ಎಡವಿದ ಕಾಲೇ ಎಡವೋದು" ಎಂದರು ಅತ್ತೆ. ಬಸ್ ಓಡಿಸುವ ಗಂಡ ತೀರ್ಪನ್ನೇ ಕೊಟ್ಟ: "ಇನ್ನೊಂದ್ಸಲ ಓಡು, ಬೇಡ ಅನ್ನಲ್ಲ. ಬಿದ್ರೆ ಮಾತ್ರ ಅಲ್ಲಿಗೆ ಮುಗೀತು. ಆಮೇಲೆ ಓಟದ ಸುದ್ದೀನೇ ಎತ್ತಬಾರ್ದು." ಅವಳು ಒಪ್ಪಿದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅದೇ ಈಗ ಅವಳ ಭಯ.

ಬರಿಗಾಲಲ್ಲಿ ಇಳಿಜಾರು ಇಳಿಯುವ ವಿದ್ಯೆ ಅವಳಿಗೆ ಬಾರದ್ದೇನಲ್ಲ. ಹೆಜ್ಜೆ ಚಿಕ್ಕದಿರಬೇಕು, ಬೇಗ ಬೇಗ ಬೀಳಬೇಕು. ಕಾಲು ಮೈಗಿಂತ ಮುಂದೆ ಓಡದೆ ಸೊಂಟದ ಕೆಳಗೇ ಊರಬೇಕು. ಮಂಡಿ ಸಡಿಲ, ಕೈ ಅಗಲ, ಕಣ್ಣು ನಾಲ್ಕು ಮಾರು ಮುಂದೆ. ಪಾದ ಸದ್ದು ಮಾಡಿತೆಂದರೆ ಏನೋ ತಪ್ಪುತ್ತಿದೆ ಎಂದರ್ಥ. ಏನೇ ಆಗಲಿ, ಹೆದರಿ ಹಿಂದಕ್ಕೆ ವಾಲಿ ಹಿಮ್ಮಡಿ ಊರಬಾರದು. ಬೂಟಿನವರು ಹಾಗೆ ಊರಿಯೂ ಬಚಾವಾದಾರು. ಬರಿಗಾಲಿಗೆ ಜಲ್ಲಿಕಲ್ಲು ದಯೆ ತೋರಿಸುವುದಿಲ್ಲ.

ಹೋದ ಸಲ ಅವಳು ಹಿಮ್ಮಡಿ ಊರಿದ್ದಳು. ಯಾಕೆಂದು ಯಾರಿಗೂ ಹೇಳಿರಲಿಲ್ಲ. ತಿರುವಿನಲ್ಲಿ ನಿಂತಿದ್ದ ಗಂಡ, ಅವಳು ನುಗ್ಗಿ ಬರುವುದನ್ನು ಕಂಡು ಜೀವ ಬಾಯಿಗೆ ಬಂದಂತಾಗಿ, "ನಿಧಾನ! ನಿಧಾನ ಕಣೇ!" ಎಂದು ಕೂಗಿದ್ದ. ಆ ದನಿ ಕೇಳಿದ್ದೇ ತಡ, ಅವಳ ಮೈ ತಾನಾಗಿ ಹಿಂದಕ್ಕೆ ವಾಲಿತ್ತು. ಆಸ್ಪತ್ರೆಯಲ್ಲಿ ಪಕ್ಕ ಕೂತು ಮಗುವಿನ ಹಾಗೆ ಅತ್ತವನಿಗೆ, ಬೀಳಿಸಿದ್ದು ನೀವೇ ಎನ್ನುವುದು ಹೇಗೆ? ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಈ ಸಲವೂ ಅಲ್ಲೇ ನಿಲ್ಲುತ್ತೇನೆಂದು ಅವನು ರಜೆ ಹಾಕಿ ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

ಓಟದ ಹಿಂದಿನ ಸಂಜೆ ಅವನು ಡ್ಯೂಟಿಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ಬಾಗಿಲಿಗೆ ಒರಗಿ ಕೇಳಿದಳು.

"ರೀ, ದೊಡ್ಡ ಇಳಿಜಾರಲ್ಲಿ ಬ್ರೇಕ್ ತುಳ್ಕೊಂಡೇ ಇಳೀತೀರಾ?"

"ತಲೆ ಕೆಟ್ಟಿದ್ಯಾ? ಬ್ರೇಕ್ ಕಾದು ಹಿಡಿಯೋದೇ ಇಲ್ಲ. ಸಣ್ಣ ಗೇರಿಗೆ ಹಾಕಿ ಬಿಡ್ಬೇಕು."

"ಹಿಂದೆ ಕೂತಿರೋರು ಹೆದರಿ ಕಿರುಚಿದ್ರೆ?"

"ಕಿವುಡನ ಥರ ಇರ್ಬೇಕು. ಅವರ ಮಾತು ಕೇಳಿ ಗಕ್ಕನೆ ಬ್ರೇಕ್ ಒತ್ತಿದ್ರೆ..." ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ನಿಂತಿತು. "ಹೋದ ವರ್ಷ ನಾನು ಕೂಗಿದ್ದೆ, ಅಲ್ವಾ?"

ಬಟ್ಟೆ ಸುಟ್ಟ ವಾಸನೆ ಬಂದ ಮೇಲೆಯೇ ಇಬ್ಬರಿಗೂ ಎಚ್ಚರವಾದದ್ದು.

ಮರುದಿನ ಗುಡ್ಡ ಹತ್ತುವುದು ಹೇಗೋ ಮುಗಿಯಿತು. ಇಳಿಯುವಾಗ ಟ್ಯಾಂಕಿನ ತಿರುವು ಕಣ್ಣಿಗೆ ಬಿದ್ದದ್ದೇ ಬೆನ್ನು ಹಿಂದಕ್ಕೆಳೆಯಿತು. ಹಳೆಯ ಕೂಗು ಕಿವಿಯಲ್ಲೇ ಇತ್ತು. ಹೊಸ ಕೂಗಿಗೆ ಕಾದಳು. ಬರಲಿಲ್ಲ. ಹೆಜ್ಜೆಯನ್ನು ಇನ್ನಷ್ಟು ಚಿಕ್ಕದು ಮಾಡಿ, ಮಂಡಿ ಸಡಿಲ ಬಿಟ್ಟು, ಸದ್ದಿಲ್ಲದೆ ತಿರುವು ದಾಟಿಬಿಟ್ಟಳು. ಪಕ್ಕಕ್ಕೆ ನೋಡಲಿಲ್ಲ, ನೋಡಿದರೆ ಕಾಲು ತಪ್ಪುತ್ತದೆ. ಕೊನೆಯ ಗೆರೆ ಮುಟ್ಟಿದಾಗ ಮುಂದೆ ಹಲವರಿದ್ದರು, ಹಿಂದೆಯೂ ಹಲವರಿದ್ದರು. ಬಿದ್ದಿರಲಿಲ್ಲ, ಅವಳಿಗೆ ಬೇಕಾದದ್ದು ಅಷ್ಟೇ. ಖುಷಿಗೆ ಕಣ್ಣು ತುಂಬಿ ಬಂತು.

ಆದರೆ ಗಂಡನ ಸುಳಿವಿಲ್ಲ. ಓಟಗಾರರೆಲ್ಲ ಬಂದರು, ನೀರಿನ ಮೇಜುಗಳನ್ನೂ ಎತ್ತಿಟ್ಟರು. ಕೊನೆಗೆ ಅವಳೇ ಮತ್ತೆ ಗುಡ್ಡ ಹತ್ತಿದಳು.

ಟ್ಯಾಂಕಿನ ಗೋಡೆಗೆ ಬೆನ್ನು ಕೊಟ್ಟು ಅವನು ನಿಂತೇ ಇದ್ದ. ಬಾಯಿಗೆ ಟವೆಲ್ ತುರುಕಿಕೊಂಡಿದ್ದ, ಕಣ್ಣು ಬಿಗಿಯಾಗಿ ಮುಚ್ಚಿದ್ದ. ಅವಳು ಟವೆಲ್ ಎಳೆದಳು.

"ಎಲ್ರೂ ಹೋಗಿ ಆಯ್ತು. ಇನ್ನೂ ಯಾಕ್ರೀ ನಿಂತಿದ್ದೀರಾ?"

"ಕಣ್ಣು ಬಿಟ್ರೆ ಎಲ್ಲಿ ಕೂಗಿಬಿಡ್ತೀನೋ ಅಂತ" ಎಂದ ಅವನು, ಈಗಲೂ ಕಣ್ಣು ಬಿಡದೆ. "ಬೂಟಿನ ಸದ್ದು ಬೇಕಾದಷ್ಟು ಕೇಳ್ತು. ನಿನ್ನ ಕಾಲಿನ ಸದ್ದು ಕೇಳ್ಲೇ ಇಲ್ಲ. ನೀನಿನ್ನೂ ಬಂದಿಲ್ಲ ಅಂದ್ಕೊಂಡೆ."